ಬೋರಲು ಹಾಕಿದ ಎರಡು ಲೋಟ

ಆ ಶನಿವಾರ ಬ್ಯಾಡರಹಳ್ಳಿಯಲ್ಲಿ ಬಸ್ಸು ಹತ್ತುವಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಹಿಂದಿನ ದಿನವೇ ಬಿಡಿಸಿ ನೆನೆಹಾಕಿದ್ದ ಅವರೆಕಾಳಿನ ಡಬ್ಬಿ. ಇನ್ನೊಂದರಲ್ಲಿ ಅಕ್ಕನ ರವಿಕೆಗಳು. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಅಕ್ಕ ಸಣ್ಣಗಾಗಿದ್ದಳು, ಹಳೆಯ ರವಿಕೆಗಳೆಲ್ಲ ಹೆಗಲಿಂದ ಜಾರುತ್ತಿದ್ದವು, ಅದಕ್ಕೆ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದಿದ್ದೆ. ಶುಗರ್ ಬಂದಿದೆ, ಡಾಕ್ಟರು ಅನ್ನ ಬಿಡಿಸಿದ್ದಾರೆ, ಅದಕ್ಕೇ ಇಳಿದಿದ್ದೇನೆ ಎಂದು ಅವಳು ಹೇಳಿದ್ದಳು. ಹೊಟ್ಟೆಕಿಚ್ಚು ಪಡಬೇಡ, ನಿನಗೂ ಒಂದು ದಿನ ಬರುತ್ತೆ ಎಂದು ನಕ್ಕಿದ್ದಳು.

ಅಕ್ಕನ ಮನೆ ವಿಜಯನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ, ಮೊದಲನೇ ಮಹಡಿ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಾನು ಅಲ್ಲಿಗೆ ಹೋಗುವುದು, ಇಬ್ಬರೂ ಕೂತು ಒಂದು ಸಿನಿಮಾ ಅಥವಾ ಕೊಲೆಯ ಸೀರಿಯಲ್ ನೋಡುವುದು, ಕತ್ತಲಾಗುವ ಮುಂಚೆ ನಾನು ಬಸ್ಸು ಹಿಡಿಯುವುದು. ನಮಗೆ ಮಕ್ಕಳಿಲ್ಲ. ನನ್ನ ಗಂಡ ಆಟೋ ಓಡಿಸುತ್ತಾರೆ, ಶನಿವಾರ ಅವರಿಗೆ ಒಳ್ಳೆಯ ಬಾಡಿಗೆಯ ದಿನ. ಹಾಗಾಗಿ ಆ ಮಧ್ಯಾಹ್ನ ಎಷ್ಟೋ ವರ್ಷದಿಂದ ಅಕ್ಕನದು ಮತ್ತು ನನ್ನದು. ಭಾವ ನಿವೃತ್ತರು. ನಾವು ಟೀವಿ ಹಾಕಿದರೆ ಅವರು ಒಳಗಿನ ರೂಮಿಗೆ ಹೋಗಿ ಮಲಗಿಬಿಡುತ್ತಿದ್ದರು. ಹೆಣ ನೋಡ್ಕೊಂಡು ಹೆಂಗಾದ್ರೂ ಕಾಫಿ ಕುಡೀತೀರೋ ಎಂದು ಬಾಗಿಲು ಹಾಕಿಕೊಳ್ಳುವರು.

ಅವತ್ತು ಚಾಪೆ ಹಾಸಿ, ಮಧ್ಯೆ ಪಾತ್ರೆ ಇಟ್ಟುಕೊಂಡು ಅವರೆಕಾಳು ಹಿತಕುತ್ತಾ ನೋಡಿದೆವು. ಒಂದು ಸಣ್ಣ ಊರಿನಲ್ಲಿ ಔಷಧಿ ಅಂಗಡಿಯವನನ್ನು ಯಾರೋ ಕೊಂದಿರುತ್ತಾರೆ. ಬೇರೆ ಯಾವುದೋ ಭಾಷೆಯದು, ಕನ್ನಡಕ್ಕೆ ಡಬ್ ಮಾಡಿದ್ದರು. ನಂದಿನಿ ಲೇಔಟ್‌ನಲ್ಲಿರುವ ಅಕ್ಕನ ಮಗಳು ಬಂದು ಟೀವಿಗೆ ಅದನ್ನೆಲ್ಲ ಹಾಕಿಕೊಟ್ಟು ಹೋಗಿದ್ದಳು. ವಾರಕ್ಕೆ ಎರಡು ಭಾಗ ಎಂದು ನಮ್ಮ ಲೆಕ್ಕ. ಅವತ್ತಿನದು ಮುಗಿದರೆ ಕೊನೆಯ ಎರಡು ಉಳಿಯುತ್ತಿದ್ದವು.

ಕೊಲೆಗಾರ ಯಾರು ಎಂದು ಹೇಳಲು ನಮ್ಮದೊಂದು ಪದ್ಧತಿ ಇತ್ತು. ಬಾಯಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ಇನ್ನೊಬ್ಬಳು ಅದನ್ನೇ ಹಿಡಿದುಕೊಂಡು ನಾನೂ ಹಾಗೇ ಅಂದುಕೊಂಡಿದ್ದೆ ಎನ್ನುತ್ತಾಳೆ. ಅದಕ್ಕೆ ಅನುಮಾನ ಬಂದವರಿಗೆಲ್ಲ ಅಡುಗೆಮನೆಯಿಂದ ಒಂದೊಂದು ಸಾಮಾನು ಗೊತ್ತು ಮಾಡುತ್ತಿದ್ದೆವು. ಈ ಕಥೆಯಲ್ಲಿ ಸತ್ತವನ ಹೆಂಡತಿ ಲವಂಗ, ಅಂಗಡಿಯ ಪಾಲುದಾರ ಏಲಕ್ಕಿ, ಡಾಕ್ಟರು ಹುಣಸೆಬೀಜ, ಅಡುಗೆಯ ಮುದುಕ ಕಡಲೆಬೀಜ. ಯಾರ ಮೇಲೆ ಅನುಮಾನವೋ ಆ ಕಾಳನ್ನು ಇನ್ನೊಬ್ಬಳಿಗೆ ಕಾಣದ ಹಾಗೆ ಫ್ರಿಜ್ಜಿನ ಮೇಲೆ ಇಟ್ಟು, ಅದರ ಮೇಲೆ ಸ್ಟೀಲ್ ಲೋಟ ಬೋರಲು ಹಾಕಬೇಕು. ಕಥೆ ಮುಗಿಯುವ ತನಕ ಲೋಟ ಮುಟ್ಟುವ ಹಾಗಿಲ್ಲ. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಎತ್ತಬೇಕು. ಗೆದ್ದವಳಿಗೆ ಏನೂ ಇಲ್ಲ. ಸೋತವಳನ್ನು ಮುಂದಿನ ಶನಿವಾರದ ತನಕ ಫೋನಿನಲ್ಲಿ ಆಡಿಕೊಳ್ಳುವುದು.

ಅವತ್ತು ನಾನು ಏಲಕ್ಕಿ ಇಟ್ಟೆ. ಅಕ್ಕ ನನ್ನನ್ನು ಹಾಲ್‌ಗೆ ಕಳಿಸಿ, ಬಹಳ ಹೊತ್ತು ಯೋಚಿಸಿ ತನ್ನದನ್ನು ಇಟ್ಟಳು. ಆಮೇಲೆ ಬಂದು ಗೋಡೆಗೆ ಒರಗಿ ಕೂತು, ಇವತ್ತೇ ಮುಗಿಸಿಬಿಡೋಣ ಎಂದಳು. ನನಗೆ ಆಶ್ಚರ್ಯವಾಯಿತು. ಎಲ್ಲವನ್ನೂ ಮುಂದಿನ ವಾರಕ್ಕೆ ಉಳಿಸುವವಳು ಅವಳು. ನಾನು ಒಂದೇ ಸಲಕ್ಕೆ ನೋಡಿಬಿಡುವವಳು, ನನಗೆ ಬೈಯುತ್ತಿದ್ದಳು.

"ಬಸ್ಸು ತಪ್ಪುತ್ತೆ ಕಣಕ್ಕ," ಎಂದೆ.

"ತಪ್ಲಿ ಬಿಡು. ಇಲ್ಲೇ ಮಲ್ಕೋ."

"ಅವರಿಗೆ ಊಟ ಯಾರು ಹಾಕ್ತಾರೆ? ಮುಂದಿನ ವಾರ ನೋಡೋಣ. ನಿನ್ನ ಕೊಲೆಗಾರ ಎಲ್ಲಿಗೂ ಓಡಿಹೋಗಲ್ಲ."

"ಹೋಗು ಹೋಗು, ಗಂಡನ ಊಟ ಆರಿಹೋಗುತ್ತೆ," ಎಂದು ಅವಳು ಹಿತಕಿದ ಬೇಳೆಯಲ್ಲಿ ಅರ್ಧ ನನ್ನ ಡಬ್ಬಿಗೇ ತುಂಬಿಸಿ ಕೊಟ್ಟಳು. ಮೆಟ್ಟಿಲ ತನಕ ಬರುತ್ತಿದ್ದವಳು ಅವತ್ತು ಬಾಗಿಲಲ್ಲೇ ನಿಂತಳು. ನನ್ನ ಪಾಲಿಗೆ ಅದು ಎಲ್ಲ ಶನಿವಾರಗಳಂಥ ಶನಿವಾರ.

ಕೊನೆ ಹೇಳಬಾರದು ಎಂಬ ನಿಯಮ ನಮ್ಮಲ್ಲಿ ಹೇಗೆ ಬಂತೆಂದು ಹೇಳಬೇಕು. ನಾವು ಚಿಕ್ಕವರಿದ್ದಾಗ ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಕ್ಯೂನಲ್ಲಿ ನಿಂತಿದ್ದಾಗ ಮ್ಯಾಟಿನಿ ಮುಗಿಸಿ ಹೊರಗೆ ಬರುತ್ತಿದ್ದ ಒಬ್ಬ, ಕ್ಯೂನಲ್ಲಿದ್ದ ತನ್ನ ಸ್ನೇಹಿತನಿಗೆ ಕೊಲೆ ಮಾಡಿದವನು ಹೀರೋಯಿನ್ನಿನ ಮಾವನೇ ಎಂದು ಕೂಗಿ ಹೇಳಿದ. ನಾನು ಅಲ್ಲೇ ಅಳಲು ಶುರು ಮಾಡಿದೆ. ಒಳಗೆ ಹೋಗಿ ಕೂತ ಮೇಲೂ ಆ ಮಾವ ಪರದೆಯ ಮೇಲೆ ಬಂದಾಗಲೆಲ್ಲ ಅಳುತ್ತಿದ್ದೆನಂತೆ. ಅವತ್ತಿನಿಂದ ಅಕ್ಕ ನನ್ನ ಕಾವಲಿಗೆ ನಿಂತಳು. ವಠಾರದಲ್ಲಿ ಯಾರಾದರೂ ಸಿನಿಮಾ ನೋಡಿ ಬಂದರೆ ಮೊದಲು ಅವಳೇ ಓಡಿಹೋಗಿ, ಕೊನೆ ಹೇಳಬೇಡಿ, ನಮ್ಮ ಹುಡುಗಿ ಇನ್ನೂ ನೋಡಿಲ್ಲ ಎಂದು ಎಚ್ಚರಿಸುತ್ತಿದ್ದಳು. ದೊಡ್ಡವರಾಗಿ ಮದುವೆಯಾದ ಮೇಲೂ ಅದು ಬಿಡಲಿಲ್ಲ. ಭಾವನಿಗೆ, ನನ್ನ ಗಂಡನಿಗೆ, ಅವಳ ಮಗಳಿಗೆ, ಎಲ್ಲರಿಗೂ ಗೊತ್ತು. ನಾನು ನೋಡದ ಸಿನಿಮಾದ ಮಾತು ನಡೆಯುವಾಗ ನಾನು ಒಳಗೆ ಬಂದರೆ ಎಲ್ಲರೂ ಸುಮ್ಮನಾಗಬೇಕು.

ಹಿಂದಿನ ಮಳೆಗಾಲದ ಕೊನೆಯಲ್ಲಿ ಒಂದು ಶನಿವಾರ ಹಾಗೇ ಆಯಿತು. ನಾನು ಮೆಟ್ಟಿಲು ಹತ್ತಿ ಬಂದರೆ ಹಾಲ್‌ನಲ್ಲಿ ಅಕ್ಕ, ಭಾವ, ಮಗಳು ಮೂವರೂ ಕೂತು ಮಾತಾಡುತ್ತಿದ್ದರು. ನನ್ನನ್ನು ಕಂಡೊಡನೆ ಮಾತು ನಿಂತಿತು. ಹುಡುಗಿಯ ಕಣ್ಣು ಕೆಂಪಗಿತ್ತು. ಅಕ್ಕ ಮಾತ್ರ ನಗುತ್ತಾ, "ಸರಿಯಾದ್ ಟೈಮಿಗೆ ಬಂದೆ ನೋಡು. ಇವರಿಬ್ಬರೂ ಹೊಸ ಪಿಚ್ಚರ್ ನೋಡ್ಕೊಂಡು ಬಂದು ಕೊನೆ ಹೇಳ್ತಾ ಇದ್ರು," ಎಂದಳು. ನಾನು ಚೀಲವನ್ನು ಅಲ್ಲೇ ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ. ಹೇಳಬೇಡಿ, ಹೇಳಬೇಡಿ ಎಂದೆ.

"ಬಿಡೇ ಕಿವಿ," ಎಂದಳು ಅಕ್ಕ. "ನಿಂಗೆ ಯಾರೂ ಏನೂ ಹೇಳಲ್ಲ."

ಹುಡುಗಿ ಎದ್ದು ಅಡುಗೆಮನೆಗೆ ಹೋದಳು. ಸಿನಿಮಾ ನೋಡಿ ಅಳುವ ಟೀಚರು, ಇವಳ ಕ್ಲಾಸಿನ ಮಕ್ಕಳು ನೋಡಬೇಕು ಎಂದು ನಾನು ಗೇಲಿ ಮಾಡಿದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಸಿನಿಮಾದ ಬಗ್ಗೆ ಬರೆಯುವವರಂತೆ ನನಗೆ ಬರೆಯಲು ಬಾರದು. ಆದರೆ ಅಕ್ಕನ ಪಕ್ಕ ಕೂತು ಇಷ್ಟೊಂದು ನೋಡಿದ್ದೇನೆ, ಕೆಲವು ಅಭಿಪ್ರಾಯಗಳಿವೆ. ಅರ್ಧ ನನ್ನವು, ಅರ್ಧ ಅವಳವು. ಯಾವುದು ಯಾರದೆಂದು ಈಗ ಬಿಡಿಸಲು ಆಗುವುದಿಲ್ಲ.

ದೊಡ್ಡ ಬಜೆಟ್ಟಿನ ಈಗಿನ ಸಿನಿಮಾಗಳು ನಮಗಿಬ್ಬರಿಗೂ ಆಗುತ್ತಿರಲಿಲ್ಲ. ಹೀರೋ ಗಡ್ಡ ಬಿಟ್ಟುಕೊಂಡು ನಿಧಾನವಾಗಿ ನಡೆಯುತ್ತಾನೆ, ಹಿಂದೆ ಏನೋ ಉರಿಯುತ್ತಿರುತ್ತದೆ. ಎಷ್ಟು ಜನ ಸತ್ತರೂ ಯಾರ ಮನೆಯಲ್ಲೂ ತಿಥಿ ಆಗುವುದಿಲ್ಲ. ಹೆಣ ಬಿದ್ದ ಜಾಗದಲ್ಲೇ ಮುಂದಿನ ಫೈಟು. ಕೊಲೆಯ ಸೀರಿಯಲ್ಲಿನಲ್ಲಿ ಹಾಗಲ್ಲ, ಸಾಯುವವನು ಒಬ್ಬನೇ, ಆದರೆ ಹತ್ತು ಭಾಗದ ತನಕ ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಾರೆ. ಅದು ಮರ್ಯಾದೆ ಎಂದು ಅಕ್ಕ ಹೇಳುತ್ತಿದ್ದಳು. ಒಬ್ಬ ಸತ್ತರೆ ಅಷ್ಟು ಜನ ಅಷ್ಟು ದಿನ ತಲೆ ಕೆಡಿಸಿಕೊಳ್ಳಬೇಕು.

ಆದರೆ ಆ ಸೀರಿಯಲ್ಲುಗಳ ಇನ್ಸ್‌ಪೆಕ್ಟರುಗಳ ಮನೆ ಮಾತ್ರ ನಮಗೆ ತಮಾಷೆ. ಒಳ್ಳೆಯ ಪೊಲೀಸ್ ಆದರೆ ಅವನ ಸಂಸಾರ ಸರಿ ಇರಬಾರದು ಎಂದು ಯಾರೋ ಕಾನೂನು ಮಾಡಿದ್ದಾರೆ. ಅವನ ಹೆಂಡತಿಗೆ ಬೇರೆ ಕೆಲಸವಿಲ್ಲ, ಅವನು ಹೆಣದ ಪಕ್ಕ ಕೂತಿರುವಾಗ ಫೋನ್ ಮಾಡಿ ಇವತ್ತೂ ಊಟಕ್ಕೆ ಬರಲ್ವಾ ಎಂದು ಕೇಳುವುದಷ್ಟೇ. ಆ ಹೆಂಡತಿ ಪಾತ್ರ ಬಂದರೆ ಅಕ್ಕ ನನ್ನ ತೊಡೆಗೆ ಹೊಡೆದು, ನೀನು ಬಂದೆ ನೋಡು ಎನ್ನುವಳು. ಲೇಡಿ ಇನ್ಸ್‌ಪೆಕ್ಟರ್ ಆದರೆ ಅವಳಿಗೊಂದು ಹಳೆಯ ದುಃಖ ಇರಲೇಬೇಕು. ಮಳೆಯಲ್ಲಿ ಕಾರು ನಿಲ್ಲಿಸಿ ಅದನ್ನು ನೆನೆಯುತ್ತಾಳೆ. ಇವಳು ದುಃಖ ಇಲ್ಲದೆ ಕೆಲಸ ಮಾಡಿದರೆ ಸಂಬಳ ಕೊಡಲ್ವಾ ಎಂದು ನಾವು ಕೇಳಿಕೊಳ್ಳುತ್ತಿದ್ದೆವು. ಬಹಳ ಮೃದುವಾಗಿ ಮಾತಾಡುವವನೇ ಕೊಲೆಗಾರ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದ ಕಾಲವಿತ್ತು. ಈಗ ಬರೆಯುವವರಿಗೂ ಅದು ಗೊತ್ತಾಗಿ, ಮೃದುವಾಗಿ ಮಾತಾಡುವವನನ್ನು ನಮ್ಮ ದಾರಿ ತಪ್ಪಿಸಲು ಇಡುತ್ತಾರೆ.

ಆಸ್ಪತ್ರೆಯ ದೃಶ್ಯಗಳನ್ನೂ ನಾವು ನಂಬುತ್ತಿರಲಿಲ್ಲ. ಹಳೆಯ ಸಿನಿಮಾದಲ್ಲಿ ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರೆ ಮುಗಿಯಿತು. ಕಾಯಿಲೆ ಇರುವವಳು ಕೆಮ್ಮುತ್ತಾಳೆ, ಕರ್ಚೀಫಿನಲ್ಲಿ ಕೆಂಪು. ಮನೆಯವರಿಗೆ ತಿಳಿಯಬಾರದೆಂದು ಅದನ್ನು ಮಡಚಿ ದಿಂಬಿನ ಕೆಳಗೆ ಇಡುತ್ತಾಳೆ. ನಮ್ಮ ಅಮ್ಮ ಅಂಥ ದೃಶ್ಯಕ್ಕೆ ಅಳುತ್ತಿದ್ದಳು. ಅಕ್ಕನಿಗೆ ಸಿಟ್ಟು ಬರುತ್ತಿತ್ತು. ಬಟ್ಟೆ ಒಗೆಯುವವಳು ಯಾರು ಆ ಮನೆಯಲ್ಲಿ, ಅವಳಿಗೆ ಕಾಣಲ್ವಾ ಎನ್ನುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಕೋಪ ಬರುತ್ತಿದ್ದುದು ಒಂದು ವಿಷಯಕ್ಕೆ. ಕೊನೆಯ ಭಾಗದಲ್ಲಿ ಪೊಲೀಸಿನವನು ಎಲ್ಲರನ್ನೂ ಕೂರಿಸಿಕೊಂಡು, ನಾನು ಮೊದಲ ದಿನವೇ ಇದನ್ನು ನೋಡಿದ್ದೆ ಎಂದು ಜೇಬಿನಿಂದ ಏನೋ ತೆಗೆಯುತ್ತಾನಲ್ಲ, ಆ ವಸ್ತುವನ್ನು ನಮಗೆ ಮೊದಲೇ ತೋರಿಸಿರದಿದ್ದರೆ ಅವಳು ಲೋಟ ಎತ್ತಲು ಬಿಡುತ್ತಿರಲಿಲ್ಲ. ಆಟ ರದ್ದು.

"ಅವನು ನೋಡಿದ್ದನ್ನ ನಮಗೂ ತೋರಿಸ್ಬೇಕು," ಎನ್ನುತ್ತಿದ್ದಳು. "ತೋರಿಸಿದ್ಮೇಲೂ ನಮಗೆ ಗೊತ್ತಾಗ್ಲಿಲ್ಲ ಅಂದ್ರೆ ಅದು ನಮ್ಮ ದಡ್ಡತನ. ತೋರಿಸ್ದೆ ಇಟ್ಕೊಂಡ್ರೆ ಅದು ಮೋಸದ ಕಥೆ."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಈಗ ಮಿಷನ್ ತುಳಿಯುವಾಗಲೂ ಅದೇ ಕೇಳಿಸುತ್ತದೆ.

ಅವರೆಕಾಳು ಹಿತಕಿದ ಆ ಶನಿವಾರ ಕಳೆದು ಮಂಗಳವಾರ ಬೆಳಿಗ್ಗೆ ಭಾವನ ಫೋನ್ ಬಂತು. ನನಗಲ್ಲ, ನನ್ನ ಗಂಡನಿಗೆ. ಅವರು ಹೂಂ, ಹೂಂ ಎಂದು ಫೋನ್ ಇಟ್ಟು, ಅಕ್ಕನಿಗೆ ಸ್ವಲ್ಪ ಹುಷಾರಿಲ್ಲವಂತೆ, ಸೀರೆ ಬದಲಾಯಿಸು ಎಂದರು. ಆಟೋದಲ್ಲಿ ಕೂತು ಯಾವ ಆಸ್ಪತ್ರೆ ಎಂದೆ. ಅವರು ಕೇಳಿಸದವರಂತೆ ಮಾಗಡಿ ರಸ್ತೆಯ ಟ್ರಾಫಿಕ್ಕಿಗೆ ಬೈದರು. ಶುಗರ್ ಕಡಿಮೆಯಾಗಿರಬೇಕು, ಬೆಳಿಗ್ಗೆ ಏನೂ ತಿಂದಿರುವುದಿಲ್ಲ ಎಂದು ನಾನೇ ಅಂದುಕೊಂಡೆ. ಚೀಲದಲ್ಲಿ ಎರಡು ಬಾಳೆಹಣ್ಣು ಹಾಕಿಕೊಂಡಿದ್ದೆ.

ಆಸ್ಪತ್ರೆಯ ಗೇಟಿನ ಹತ್ತಿರ ಆಟೋಗಳನ್ನು ಒಳಗೆ ಬಿಡುತ್ತಿರಲಿಲ್ಲ. ನಮ್ಮ ಮುಂದಿದ್ದ ಆಟೋದವನು ಸೆಕ್ಯೂರಿಟಿಯವನ ಜೊತೆ ಜಗಳ ಮಾಡುತ್ತಿದ್ದ. ಆದರೆ ಅದೇ ಸೆಕ್ಯೂರಿಟಿಯವನು ನಮ್ಮ ಆಟೋ ನೋಡಿದೊಡನೆ ಸರಪಳಿ ಇಳಿಸಿದ. ಬಗ್ಗಿ ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿ, ಮತ್ತೆ ನನ್ನ ಗಂಡನ ಕಡೆ ತಿರುಗಿದ.

"ಏನಣ್ಣ, ಇವತ್ತು ಅಮ್ಮ ಬಂದಿಲ್ವಾ?" ಎಂದ.

ಅಷ್ಟು ಸಾಕಾಗಿತ್ತು. ಅಷ್ಟು ವರ್ಷ ಪತ್ತೇದಾರಿ ನೋಡಿದವಳಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ನನ್ನ ಗಂಡ ಗಾಡಿ ಒಳಗೆ ಬಿಟ್ಟರು. ಆಟೋ ನಿಲ್ಲಿಸಿ ಇಳಿದವರು ಯಾರನ್ನೂ ದಾರಿ ಕೇಳಲಿಲ್ಲ. ಲಿಫ್ಟಿಗೆ ಕಾಯದೆ ಪಕ್ಕದ ಮೆಟ್ಟಿಲು ಹತ್ತಿ, ಎಡಕ್ಕೆ ತಿರುಗಿ, ನೀರಿನ ಫಿಲ್ಟರ್ ದಾಟಿ ನೆಟ್ಟಗೆ ಆ ವಾರ್ಡಿನ ಬಾಗಿಲಿಗೆ ಹೋದರು. ನಾನು ಅವರ ಬೆನ್ನು ನೋಡುತ್ತಾ ಹಿಂದೆ ನಡೆದೆ. ಈ ಮನುಷ್ಯ ನನ್ನ ಅಕ್ಕನನ್ನು ಇಲ್ಲಿಗೆ ಕರೆತರುತ್ತಿದ್ದಾನೆ, ಬಹಳ ದಿನಗಳಿಂದ, ನಾನು ಕೂರುವ ಇದೇ ಸೀಟಿನಲ್ಲಿ ಕೂರಿಸಿಕೊಂಡು. ಮನೆಗೆ ಬಂದು ನಾನು ಬಡಿಸಿದ್ದನ್ನು ತಿಂದಿದ್ದಾನೆ.

ಅಕ್ಕನ ಮೂಗಿಗೆ ಬಾಯಿಗೆ ಸೇರಿಸಿ ಮಾಸ್ಕ್ ಹಾಕಿದ್ದರು. ಕಣ್ಣು ಮುಚ್ಚಿತ್ತು. ಕೈ ಹಿಡಿದುಕೊಂಡೆ, ಕರೆದೆ. ಡಾಕ್ಟರಮ್ಮ ಬಂದರು, ಚಿಕ್ಕ ವಯಸ್ಸಿನವರು, ಕನ್ನಡಕವೇ ಇರಲಿಲ್ಲ. ಹೊಟ್ಟೆಯ ಗಡ್ಡೆ ಲಿವರಿಗೆ ಹಬ್ಬಿದ್ದು ನಿಮಗೆಲ್ಲ ಗೊತ್ತಲ್ಲ, ಇನ್ನು ನೋವಾಗದ ಹಾಗೆ ನೋಡಿಕೊಳ್ಳುವುದಷ್ಟೇ ಎಂದು ಎಲ್ಲರಿಗೂ ಸೇರಿಸಿ ಹೇಳಿದರು. ನನ್ನ ಮುಖ ನೋಡಿ ಅನುಮಾನ ಬಂದಿರಬೇಕು. ನಿಮಗೆ ಹೇಳಿರಲಿಲ್ವಾ ಎಂದರು. ನಾನು ಶುಗರ್ ಅಂದುಕೊಂಡಿದ್ದೆ ಎಂದೆ. ಅವರು ಭಾವನನ್ನು ನೋಡಿದರು. ಭಾವ ನೆಲ ನೋಡಿದರು.

ಅಕ್ಕ ಮತ್ತೆ ಕಣ್ಣು ಬಿಡಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹೋದಳು. ಅವಳ ಮೈಮೇಲಿದ್ದುದು ನಾನು ಪಕ್ಕ ಹಿಡಿದುಕೊಟ್ಟ ರವಿಕೆಗಳಲ್ಲಿ ಒಂದು. ಅದೂ ಸಡಿಲವಾಗಿತ್ತು.

ಸಿನಿಮಾದಲ್ಲಿ ಇಲ್ಲಿಗೆ ಒಂದು ಹಾಡು ಬಂದು, ಆಮೇಲೆ ಗೋಡೆಯ ಫೋಟೋಕ್ಕೆ ಹಾರ ಹಾಕಿರುತ್ತಾರೆ. ನಡುವಿನ ದಿನಗಳನ್ನು ಯಾರೂ ತೋರಿಸುವುದಿಲ್ಲ. ಆ ದಿನಗಳಲ್ಲಿ ನಾನು ಅಕ್ಕನ ಮನೆಯಲ್ಲೇ ಇದ್ದೆ. ಬಂದವರೆಲ್ಲ ನನ್ನ ಪಕ್ಕ ಕೂತು ಸಮಾಧಾನ ಹೇಳುವರು. ಪಾಪ, ಎಷ್ಟು ನೋವು ತಿಂದರು, ಹೋಗಿದ್ದೇ ಒಳ್ಳೆಯದಾಯಿತು ಎನ್ನುವರು. ಕೆಳಗಿನ ಮನೆಯ ಆಂಟಿಗೂ ಗೊತ್ತಿತ್ತು. ಹೂವಿನವಳಿಗೂ ಗೊತ್ತಿತ್ತು. ಎಲ್ಲರೂ ಕೊನೆಯ ಭಾಗ ನೋಡಿ ಕೂತಿದ್ದರು. ನಾನೊಬ್ಬಳು ಆರಾಮಾಗಿ ಮುಂದಿನ ಶನಿವಾರಕ್ಕೆ ಏನು ತರಲಿ ಎಂದು ಯೋಚಿಸುತ್ತಿದ್ದೆ.

ತಿಥಿ ಮುಗಿದ ಮೇಲೆ ನಾನು ಒಬ್ಬೊಬ್ಬರನ್ನಾಗಿ ಕೇಳಿದೆ. ನನಗೆ ಹೇಳಬಾರದು ಎಂದು ತೀರ್ಮಾನ ಮಾಡಿದ್ದು ಯಾರು, ಅದೊಂದೇ ನನಗೆ ಬೇಕಾಗಿತ್ತು. ಅಕ್ಕನಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಭಾವ ಇರಬೇಕು, ಗಂಡಸರಿಗೆ ಹೆಂಗಸರು ಅಳುವುದೆಂದರೆ ಭಯ. ಲೋಟದ ಕೆಳಗೆ ಇಡುವುದಾದರೆ ನಾನು ಭಾವನನ್ನೇ ಇಡುತ್ತಿದ್ದೆ.

ಮೊದಲು ಹುಡುಗಿಯನ್ನು ಕೇಳಿದೆ. ಅವಳು ಅಕ್ಕನ ಸೀರೆಗಳನ್ನು ಮಡಚುತ್ತಿದ್ದಳು.

"ಚಿಕ್ಕಮ್ಮ, ನೀನು ಕಿವಿ ಮುಚ್ಕೊಂಡೆಯಲ್ಲ, ಅವತ್ತೇ ರಿಪೋರ್ಟ್ ಬಂದಿದ್ದು," ಎಂದಳು. "ಪಿಚ್ಚರೂ ಇಲ್ಲ, ಏನೂ ಇಲ್ಲ. ಅಮ್ಮ ಹಂಗಂದಾಗ ನಂಗೆ ತಡಿಯೋಕಾಗ್ಲಿಲ್ಲ, ಎದ್ದು ಹೋದೆ. ನೀನು ಬೇರೆ ಟೀಚರ್ ಅಳ್ತಾಳೆ ಅಂತ ನಗ್ತಾ ಇದ್ದೆ."

ಹೇಳಬೇಡ ಎಂದವರು ಯಾರೆಂದು ಕೇಳಿದ್ದಕ್ಕೆ ಅಪ್ಪನನ್ನು ಕೇಳು ಎಂದಳು. ಅಪ್ಪನ ಮಾತು ಹಾಗಿರಲಿ, ನೀನು ಯಾಕೆ ಹೇಳಲಿಲ್ಲ ಎಂದೆ. ಅವಳು ಸೀರೆಯ ಅಂಚು ಸರಿಮಾಡುತ್ತಾ ಉಳಿದಳು. ನಾನು ಎತ್ತಿ ಆಡಿಸಿದ ಹುಡುಗಿ.

ನನ್ನ ಗಂಡನನ್ನು ಕೇಳಲು ಎರಡು ದಿನ ಬಾಯಿ ಬರಲಿಲ್ಲ. ಕೇಳಿದಾಗ ಅವರು ಆಟೋದ ಗಾಜು ಒರೆಸುತ್ತಿದ್ದರು. ನಿಮ್ಮಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದರು, ನಾನೇನು ಮಾಡಲಿ ಎಂದರು. ನನಗೆ ತಿಳಿಸಿದರೆ ತಾನು ಇನ್ನೊಂದು ಆಟೋ ಹಿಡಿದು ಒಬ್ಬಳೇ ಹೋಗುತ್ತೇನೆ ಎಂದಳಂತೆ. ಒಬ್ಬಳೇ ಹೋಗಿ ಬರಲು ಆಗದ ಸ್ಥಿತಿಯಂತೆ. ಹೇಳುತ್ತಾ ಹೇಳುತ್ತಾ ಅವರೂ ಅತ್ತರು. ನನಗೆ ಕರುಣೆ ಬರಲಿಲ್ಲ. ಅಷ್ಟು ದಿನ ಅವಳ ಪಕ್ಕ ಕೂತು ಹೋಗುವ ಜಾಗ ನನ್ನದಾಗಿತ್ತು, ಅದನ್ನು ಇವರು ಖಾಲಿ ಓಡಿಸಿದರು ಎನ್ನಿಸಿತು.

ಕೊನೆಗೆ ಭಾವ. ಅವರು ಸೀದಾ ಹೇಳಿದರು. ಅವರಿಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ನಾನು ಹೇಳಣ ಅಂದೆ ಕಣಮ್ಮ. ಅವಳೇ ಬೇಡ ಅಂದ್ಲು. ತಂಗಿಗೆ ಗೊತ್ತಾದ್ರೆ ಶನಿವಾರ ಹಾಳಾಗುತ್ತೆ ಅಂದ್ಲು. ನೀವೆಲ್ಲ ನನ್ ಮುಖ ನೋಡಿದ್ರೆ ಕಾಯಿಲೆ ನೋಡ್ತೀರ, ವಾರಕ್ಕೆ ಒಂದು ದಿನನಾದ್ರೂ ನಾನು ಕಾಯಿಲೆಯೋಳಾಗಿರಲ್ಲ, ಅದನ್ನ ಕಿತ್ಕೋಬೇಡಿ ಅಂದ್ಲು. ಆಮೇಲೆ ನಾನೇನು ಮಾತಾಡ್ಲಿ?"

ಅವರು ಒಳಗೆ ಹೋಗಿ ಮಲಗಿದರು. ಟೀವಿ ಹಾಕಿರಲಿಲ್ಲ, ಆದರೂ ಬಾಗಿಲು ಹಾಕಿಕೊಂಡರು.

ಅವಳ ಮಾತು ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಅರ್ಥವಾಗುತ್ತದೆ. ಚಾಪೆಯ ಮೇಲೆ ಕೂತು ಅವರೆಕಾಳು ಹಿತಕುತ್ತಾ ಇನ್ಸ್‌ಪೆಕ್ಟರನ ಹೆಂಡತಿಯನ್ನು ಆಡಿಕೊಂಡು ನಗುವಾಗ ಅವಳಿಗೆ ನೋವು ಮರೆತಿರಬಹುದು. ಆದರೆ ಶನಿವಾರ ಅವಳೊಬ್ಬಳದಲ್ಲ. ನನಗೆ ಹೇಳಿದ್ದರೆ ನಾನು ಸೋಮವಾರವೂ ಬರುತ್ತಿದ್ದೆ. ಮಂಗಳವಾರ, ಬುಧವಾರ, ದಿನಾ ಬರುತ್ತಿದ್ದೆ. ಮಿಷನ್ನನ್ನೇ ಅವಳ ಮನೆಗೆ ಹೊತ್ತುಕೊಂಡು ಬಂದು ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನವನ್ನು ಉಳಿಸಿಕೊಳ್ಳಲು ಉಳಿದ ದಿನಗಳನ್ನೆಲ್ಲ ನನ್ನಿಂದ ತೆಗೆದುಕೊಂಡಳು. ಆ ಕೊನೆಯ ಶನಿವಾರ ಬಸ್ಸು ತಪ್ಪಲಿ ಎಂದಾಗಲಾದರೂ ಒಂದು ಮಾತು ಹೇಳಬಹುದಿತ್ತು. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ.

ಅವಳ ಲೆಕ್ಕದಲ್ಲೇ ನೋಡಿದರೆ ಅವಳು ನನಗೆ ಎಲ್ಲವನ್ನೂ ತೋರಿಸಿದ್ದಳು. ರವಿಕೆಗಳು ನನ್ನ ಕೈಯಲ್ಲೇ ಇದ್ದವು, ಪ್ರತಿ ಸಲ ಇನ್ನೊಂದು ಬೆರಳಿನಷ್ಟು ಒಳಗೆ ಹಿಡಿಯುತ್ತಿದ್ದೆ. ಹುಡುಗಿಯ ಕೆಂಪು ಕಣ್ಣು ಕಂಡಿದ್ದೆ. ಯಾವತ್ತೂ ಮುಗಿಸೋಣ ಎನ್ನದವಳು ಮುಗಿಸೋಣ ಎಂದಿದ್ದಳು. ತೋರಿಸಿದ ಮೇಲೂ ತಿಳಿಯದಿದ್ದರೆ ಅದು ನಮ್ಮ ದಡ್ಡತನ ಎಂದು ಅವಳು ವಾದ ಮಾಡಬಹುದು. ನಾನು ಒಪ್ಪುವುದಿಲ್ಲ. ಟೀವಿ ಮುಂದೆ ಕೂತವರಿಗೆ ಒಂದು ಕೊಲೆ ಆಗಿದೆ ಎಂದಾದರೂ ಗೊತ್ತಿರುತ್ತದೆ. ಕಥೆ ಶುರುವಾಗಿದೆ ಎಂದೇ ಹೇಳದೆ ಸುಳಿವು ತೋರಿಸಿದರೆ ಅದನ್ನು ಯಾರು ಹುಡುಕುತ್ತಾರೆ? ಇದು ಮೋಸದ ಕಥೆ. ಅವಳೇ ಎದುರಿಗೆ ಕೂತಿದ್ದರೆ ಇದೇ ಮಾತು ಹೇಳಿ ಜಗಳ ಆಡುತ್ತಿದ್ದೆ. ಅವಳು ಸೋಲುತ್ತಿದ್ದಳು.

ಈಗಲೂ ಸಿನಿಮಾ ನೋಡುತ್ತೇನೆ. ಆದರೆ ನನ್ನ ಅಭಿಪ್ರಾಯಗಳು ಕೆಟ್ಟುಹೋಗಿವೆ. ಹಿಂದೆ ಕೊಲೆಗಾರನ ಮೇಲೆ ಕಣ್ಣಿಡುತ್ತಿದ್ದವಳು ಈಗ ಗೊತ್ತಿದ್ದೂ ಸುಮ್ಮನಿರುವವರನ್ನು ನೋಡುತ್ತೇನೆ. ಎಲ್ಲ ಕಥೆಯಲ್ಲೂ ಅಂಥವರು ಇರುತ್ತಾರೆ. ಕಾಫಿ ತಂದುಕೊಡುತ್ತಾರೆ, ಬಾಗಿಲು ತೆಗೆಯುತ್ತಾರೆ, ಒಳ್ಳೆಯವರು. ಕೊನೆಯಲ್ಲಿ ಅವರಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಅವರೂ ದುಃಖದಲ್ಲಿದ್ದಾರೆ ಎಂದು ತೋರಿಸಿ ಮುಗಿಸುತ್ತಾರೆ. ಕರ್ಚೀಫು ಮಡಚಿ ದಿಂಬಿನ ಕೆಳಗೆ ಇಡುವ ಹಳೆಯ ಸಿನಿಮಾ ಮೊನ್ನೆ ಮಧ್ಯಾಹ್ನ ಬಂತು. ನಾನು ಅಮ್ಮನಂತೆ ಅಳಲಿಲ್ಲ, ಅಕ್ಕನಂತೆ ಬೈಯಲೂ ಇಲ್ಲ. ಆ ಮನೆಯಲ್ಲಿ ಬಟ್ಟೆ ಒಗೆಯುವವಳನ್ನು ಒಂದು ಸಲವೂ ತೋರಿಸಲಿಲ್ಲವಲ್ಲ ಎಂದು ಕೊನೆಯ ತನಕ ಕಾದೆ.

ಔಷಧಿ ಅಂಗಡಿಯವನ ಕಥೆಯ ಕೊನೆಯ ಎರಡು ಭಾಗಗಳನ್ನು ಬಹಳ ದಿನ ಮುಟ್ಟಲಿಲ್ಲ. ಹೋದ ತಿಂಗಳು ಒಂದು ಶನಿವಾರ ವಿಜಯನಗರಕ್ಕೆ ಹೋಗಿ, ಅದೇ ಚಾಪೆ ಹಾಸಿಕೊಂಡು ನೋಡಿದೆ. ಕೊಂದವನು ಅಡುಗೆಯ ಮುದುಕ. ಕಡಲೆಬೀಜ. ಯಾಕೆ ಕೊಂದ ಎಂಬುದಕ್ಕೆ ಒಂದು ಹಳೆಯ ಫೋಟೋ ತೋರಿಸಿದರು. ಆ ಫೋಟೋವನ್ನು ಇನ್ಸ್‌ಪೆಕ್ಟರ್ ಮೊದಲನೆಯ ಭಾಗದಲ್ಲೇ ನೋಡಿ ಜೇಬಿಗೆ ಹಾಕಿಕೊಂಡಿದ್ದನಂತೆ. ನಮಗೆ ತೋರಿಸಿರಲಿಲ್ಲ. ಪಕ್ಕಕ್ಕೆ ತಿರುಗಿ, ನೋಡಿದ್ಯಾ ಎಂದೆ. ಚಾಪೆ ಖಾಲಿ ಇತ್ತು.

ಎದ್ದು ಫ್ರಿಜ್ಜಿನ ಹತ್ತಿರ ಹೋದೆ. ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೇ ಹೋದೆ. ಸಾವಿನ ದಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಕೆಳಗಿನ ಮನೆಯ ಆಂಟಿ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಬಂದ ಜನಕ್ಕೆ ಲೋಟ ಸಾಲದೆ, ಕೈಗೆ ಸಿಕ್ಕಿದ ಲೋಟವನ್ನೆಲ್ಲ ಯಾರೋ ತೆಗೆದುಕೊಂಡು ಹೋಗಿ ತೊಳೆದು ಹಂಚಿದ್ದರು. ಗೋಡೆಗೆ ಒರಗಿ ಕೂತಿದ್ದ ನನ್ನ ಕೈಗೂ ಒಂದು ಕೊಟ್ಟರು. ಅದರ ಕಾಫಿ ಕುಡಿದು ಮುಗಿಸಿದ ಮೇಲೆ ಫ್ರಿಜ್ಜಿನ ಕಡೆ ನೋಡಿದೆ. ಬೋರಲು ಹಾಕಿದ್ದ ಎರಡು ಲೋಟವೂ ಇರಲಿಲ್ಲ, ಯಾರೋ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ್ದರು. ಆಮೇಲೆ ಹುಡುಗಿಯನ್ನು ಕೇಳಿದೆ, ಭಾವನನ್ನು ಕೇಳಿದೆ, ಆಂಟಿಯನ್ನೂ ಕೇಳಿದೆ. ಲೋಟದ ಕೆಳಗೆ ಏನಾದರೂ ಇದ್ದ ನೆನಪು ಯಾರಿಗೂ ಇಲ್ಲ. ಈ ಸಲ ಅವರು ಮುಚ್ಚಿಡುತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ.

ನಾನು ಏಲಕ್ಕಿ ಇಟ್ಟಿದ್ದೆ, ನಾನು ಸೋತೆ. ಅಕ್ಕ ಏನು ಇಟ್ಟಿದ್ದಳೆಂದು ನನಗೆ ಗೊತ್ತಿಲ್ಲ.